ಆಸ್ಪತ್ರೆಯ ಖರ್ಚಿಗೊಂದು ಎರಡನೇ ಖಾತೆ



2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಖಾತೆದಾರರು ತೆಗೆಯಬಹುದಾಗಿದ್ದುದು ಮೊದಲಿಗೆ ಕೇವಲ 1,000 ರೂಪಾಯಿ. ಮಿತಿಯನ್ನು ಹಂತಹಂತವಾಗಿ ಏರಿಸಲಾಯಿತು ನಿಜ; ಆದರೆ ಕಾಯಿಲೆ ಅಲ್ಲಿಯವರೆಗೆ ಕಾಯುವುದಿಲ್ಲ.

ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಇದೆ. ಅದೇ ಬ್ಯಾಂಕಿನ ಬೇರೆ ಶಾಖೆಯ ಹಣವೂ ಈ ಲೆಕ್ಕಕ್ಕೇ ಸೇರುತ್ತದೆ. ವಿಮೆಯ ಹಣಕ್ಕೂ 90 ದಿನಗಳವರೆಗೆ ಕಾಯಬೇಕಾಗಬಹುದು. ಆದ್ದರಿಂದ ಎರಡನೇ ಖಾತೆ ಬೇರೆ ಬ್ಯಾಂಕಿನಲ್ಲೇ ಇರಲಿ.

ಗಮನಿಸಬೇಕಾದ ಅಂಶಗಳು:

1. ಪತಿ-ಪತ್ನಿ ಅಥವಾ ಬೆಳೆದ ಮಕ್ಕಳೊಡನೆ ಜಂಟಿ ಖಾತೆ ತೆರೆಯಿರಿ. 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಷರತ್ತಿರಲಿ. ಒಬ್ಬರು ಐಸಿಯುನಲ್ಲಿದ್ದರೂ ಇನ್ನೊಬ್ಬರ ಸಹಿ ಸಾಕು.

2. ಇಬ್ಬರಿಗೂ ಪ್ರತ್ಯೇಕ ಡೆಬಿಟ್ ಕಾರ್ಡ್ ಪಡೆಯಿರಿ. ಪಿನ್ ಹಂಚಿಕೊಳ್ಳುವ ಪ್ರಮೇಯವೇ ಬರದು. ಈ ಕಾರ್ಡನ್ನು ಪರ್ಸಿನಲ್ಲಿಡದೆ ಮನೆಯಲ್ಲಿಡಿ.

3. ಕಾರ್ಡಿನ ದಿನದ ಮಿತಿ ಎಷ್ಟೆಂದು ಮೊದಲೇ ತಿಳಿದಿರಿ.

4. ಎರಡು ವರ್ಷ ವಹಿವಾಟಿಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಬಳಸಿ.

ಸಂಘದ ವೈದ್ಯಕೀಯ ನೆರವು ಅರ್ಜಿ, ವೈದ್ಯರ ಪತ್ರ, ಸಮಿತಿಯ ಒಪ್ಪಿಗೆ ಇವನ್ನೆಲ್ಲ ದಾಟಿ ನಿಮ್ಮನ್ನು ತಲುಪಬೇಕು. ಮೊದಲ ರಾತ್ರಿ ಆಸ್ಪತ್ರೆ ಕೇಳುವ ಮುಂಗಡಕ್ಕೆ ಈ ಖಾತೆಯೇ ಆಸರೆ.