ಒಪ್ಪದ ಮಾತಿಗೆ ಇಂಗ್ಲಿಷಿನ ಹೆಸರುಗಳು

ಹಿರಿಯರ ಮಾತನ್ನು ಕಿರಿಯರು ಒಪ್ಪದಿದ್ದರೆ ನಮ್ಮ ಮನೆಗಳಲ್ಲಿ ಅದು ‘ಎದುರುಮಾತು’. ಇಂಗ್ಲಿಷಿನಲ್ಲಿ ಒಪ್ಪದಿರುವುದಕ್ಕೆ ಹಲವು ಹೆಸರುಗಳಿವೆ. ಅವುಗಳ ಭೇದವನ್ನರಿಯದೆ ಬಳಸಿದರೆ ಅರ್ಥ ಕೆಡುತ್ತದೆ.

‘ಡಿಫರ್’ ಎಂದರೆ ಅಭಿಪ್ರಾಯ ಬೇರೆ ಎಂದಷ್ಟೆ, ಅಲ್ಲಿ ಸಿಟ್ಟಿಲ್ಲ. ‘ಡಿಬೇಟ್’ ಎಂಬುದು ನಿಯಮಕ್ಕೊಳಪಟ್ಟ ಚರ್ಚೆ. ಆದರೆ ಅದರ ಮೂಲವಾದ ಹಳೆಯ ಫ್ರೆಂಚ್ ಪದದಲ್ಲಿ ಹೊಡೆಯುವ ಅರ್ಥವಿತ್ತು. ‘ಕ್ವಾರೆಲ್’ ದೂರುವುದೆಂಬ ಲ್ಯಾಟಿನ್ ಪದದಿಂದ ಬಂದದ್ದು. ಇಲ್ಲಿ ವಿಷಯಕ್ಕಿಂತ ಮುನಿಸು ಹೆಚ್ಚು. ‘ಆರ್ಗ್ಯುಮೆಂಟ್’ ಇಬ್ಬಗೆಯದು: ಕಾರಣ ಕೊಟ್ಟು ಸಾಧಿಸುವ ವಾದವೂ ಹೌದು, ಬಾಯಿಜಗಳವೂ ಹೌದು. ಸಂದರ್ಭವನ್ನು ನೋಡಿಯೇ ಅರ್ಥ ಮಾಡಬೇಕು.

‘ಡಿಸೆಂಟ್’ ಇವೆಲ್ಲಕ್ಕಿಂತ ಘನವಾದುದು: ಹೆಚ್ಚಿನವರು ಒಪ್ಪಿದ ಮೇಲೂ ಒಪ್ಪೆನೆಂದು ನಿಲ್ಲುವುದು. 1976ರಲ್ಲಿ, ತುರ್ತುಪರಿಸ್ಥಿತಿಯ ಬಂಧಿಗಳ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೈಕಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಅದೇ ನ್ಯಾಯಾಲಯವು ಅಂದಿನ ಬಹುಮತದ ತೀರ್ಪನ್ನು ತಳ್ಳಿಹಾಕಿತು.

ಮನೆಗೆ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಸಂದೇಹವಿದ್ದರೂ ತರಗತಿಯಲ್ಲಿ ಸುಮ್ಮನಿರುತ್ತೇವೆ. ಒಪ್ಪದಿರುವುದು ಅವಿನಯವೆಂಬ ಅಂಜಿಕೆ. ‘ಡಿಸೆಂಟ್’ ಬೇರೆ, ‘ಕ್ವಾರೆಲ್’ ಬೇರೆ ಎಂಬುದನ್ನರಿತರೆ, ಗುರುಗಳಲ್ಲಿ ಗೌರವವಿಟ್ಟುಕೊಂಡೇ ಭಿನ್ನಮತವನ್ನು ಹೇಳಬಹುದು.