ಫಂಕ್ಷನ್ ಒಳಗೆ ಹುಟ್ಟುವ ಗಡಿಯಾರ: ಯುನಿಟ್ ಟೆಸ್ಟ್ ಕುರಿತ ಒಂದು ಪಾಠದ ಅನುಭವ

ವಿಷಯ: ಗಣಕ ವಿಜ್ಞಾನ (ಪೈಥಾನ್)
ತರಗತಿ: ದ್ವಿತೀಯ ಪಿಯುಸಿ
ಅವಧಿ: 40 ನಿಮಿಷ
ಪೂರ್ವಜ್ಞಾನ: ಕ್ಲಾಸ್, ಆಬ್ಜೆಕ್ಟ್, ಇಂಪೋರ್ಟ್
ಕಲಿಕಾ ಉದ್ದೇಶ: ಫಂಕ್ಷನ್ ತನ್ನೊಳಗೇ ಸೃಷ್ಟಿಸಿಕೊಳ್ಳುವ ಆಬ್ಜೆಕ್ಟಿನ ಬದಲು ಅಣಕು ಆಬ್ಜೆಕ್ಟ್ ಇಟ್ಟು ಪರೀಕ್ಷಿಸುವುದು.

ಪಾಠ ನಡೆದ ಬಗೆ

ನಾನು ಆರಿಸಿಕೊಂಡ ಉದಾಹರಣೆ ಚಿಕ್ಕದು. ‘ವಂದನೆ’ ಎಂಬ ಫಂಕ್ಷನ್ ತನ್ನೊಳಗೆ ಒಂದು ‘ಗಡಿಯಾರ’ ಆಬ್ಜೆಕ್ಟ್ ಸೃಷ್ಟಿಸಿ ಗಂಟೆ ಕೇಳುತ್ತದೆ. ಗಂಟೆ 12ಕ್ಕಿಂತ ಕಡಿಮೆಯಿದ್ದರೆ ‘ಶುಭೋದಯ’, ಇಲ್ಲವಾದರೆ ‘ಶುಭ ಮಧ್ಯಾಹ್ನ’ ಎಂದು ಕೊಡುತ್ತದೆ. ಮೊದಲು ಸಾದಾ ಟೆಸ್ಟ್ ತೋರಿಸಿ, ಅನಂತರ ಅಣಕಿಗೆ ಹೋಗುವುದು ನನ್ನ ಯೋಜನೆ. ಬೆಳಿಗ್ಗೆ ಮನೆಯಲ್ಲಿ ಓಡಿಸಿದಾಗ ‘ಶುಭೋದಯ’ ಬಂದು ಟೆಸ್ಟ್ ಪಾಸಾಗಿತ್ತು.

ಪಾಠವಿದ್ದದ್ದು ಊಟದ ವಿರಾಮದ ನಂತರ. ಮಾರ್ಗದರ್ಶಕ ಉಪನ್ಯಾಸಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಎಲ್ಲರೆದುರು ಟೆಸ್ಟ್ ಫೇಲಾಯಿತು. ನಾನು ತಡವರಿಸುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಮಿಸ್, ಪ್ರೋಗ್ರಾಂ ತಪ್ಪಾ, ಟೆಸ್ಟ್ ತಪ್ಪಾ?”

ಈ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿರಲಿಲ್ಲ. ಅದನ್ನೇ ಕರಿಹಲಗೆಯ ಮೇಲೆ ಬರೆದೆ. ಮಧ್ಯಾಹ್ನ 2 ಗಂಟೆಗೆ ‘ಶುಭ ಮಧ್ಯಾಹ್ನ’ ಎಂದ ಫಂಕ್ಷನ್ ಸರಿಯೇ ಎಂದು ಮಕ್ಕಳೇ ಹೇಳಿದರು. ಗಡಿಯಾರ ಫಂಕ್ಷನ್ ಒಳಗೇ ಹುಟ್ಟುವುದರಿಂದ ಗಂಟೆ ಟೆಸ್ಟಿನ ಕೈಯಲ್ಲಿಲ್ಲ ಎಂಬಲ್ಲಿಗೆ ಚರ್ಚೆ ಬಂತು.

ಮೊದಲ ದಾರಿ, ‘ಪ್ಯಾಚ್’. ಪೈಥಾನ್ 3.3ರಿಂದ (2012) ಅಣಕು ಲೈಬ್ರರಿ ಭಾಷೆಯ ಜೊತೆಗೇ ಬರುತ್ತದೆ. ಇಲ್ಲಿ ಎರಡು ಕಡೆ ಎಡವುತ್ತೇವೆ. ವಂದನೆಯ ಫೈಲು ‘ಗಡಿಯಾರ’ ಎಂಬ ಹೆಸರನ್ನು ನೇರವಾಗಿ ಇಂಪೋರ್ಟ್ ಮಾಡಿಕೊಂಡಿದ್ದರೆ, ಬದಲಿಸಬೇಕಾದದ್ದು ವಂದನೆಯ ಫೈಲಿನಲ್ಲಿರುವ ಹೆಸರನ್ನು. ಗಡಿಯಾರದ ಮೂಲ ಫೈಲಿನಲ್ಲಿ ಬದಲಿಸಿದರೆ ವಂದನೆಗೆ ತಿಳಿಯುವುದೇ ಇಲ್ಲ. ಎರಡನೆಯದು, ಪ್ಯಾಚ್ ಬದಲಿಸುವುದು ಕ್ಲಾಸನ್ನು. ಆ ಅಣಕು ಕ್ಲಾಸನ್ನು ಕರೆದಾಗ ಸಿಗುವ ಆಬ್ಜೆಕ್ಟಿಗೆ, ಅಂದರೆ ಅದರ ‘ರಿಟರ್ನ್ ವ್ಯಾಲ್ಯೂ’ಗೆ, ‘ಗಂಟೆ ಕೇಳಿದರೆ 9 ಎನ್ನು’ ಎಂದು ಹೇಳಿಕೊಡಬೇಕು. ಹಾಗೆ ಮಾಡಿದಾಗ ಮಧ್ಯಾಹ್ನವೂ ಟೆಸ್ಟ್ ಪಾಸಾಯಿತು.

“ಸುಳ್ಳು ಗಡಿಯಾರ ಇಟ್ಟರೆ ನಿಜವಾದದ್ದನ್ನು ಪರೀಕ್ಷೆ ಮಾಡಿದ ಹಾಗಾಯ್ತಾ ಮಿಸ್?” ಎಂದ ಇನ್ನೊಬ್ಬ. ಇಲ್ಲ, ಇಲ್ಲಿ ಪರೀಕ್ಷಿಸುತ್ತಿರುವುದು ವಂದನೆಯ ತೀರ್ಮಾನವನ್ನು ಮಾತ್ರ. ಗಡಿಯಾರಕ್ಕೆ ಬೇರೆ ಟೆಸ್ಟ್ ಬೇಕು, ಎರಡೂ ಕೂಡಿ ನಡೆಯುತ್ತವೆಯೇ ಎಂದು ನೋಡಲು ಮತ್ತೊಂದು ಬೇಕು.

ಎರಡನೆಯ ದಾರಿ, ಗಡಿಯಾರವನ್ನು ಹೊರಗಿನಿಂದ ಆರ್ಗ್ಯುಮೆಂಟ್ ಆಗಿ ಕೊಡುವುದು. ಆಗ ಪ್ಯಾಚ್ ಬೇಡ; 9 ಎನ್ನುವ ಪುಟ್ಟ ಗಡಿಯಾರವೊಂದನ್ನು ಬರೆದು ಕೊಟ್ಟರೆ ಸಾಕು. ಕೋಡ್ ನಮ್ಮದೇ ಆಗಿದ್ದರೆ ಇದೇ ಲೇಸು. ಬೇರೆಯವರ ಕೋಡನ್ನು ತಿದ್ದಲು ಆಗದಿದ್ದಾಗ ಪ್ಯಾಚ್.

ಮೌಲ್ಯಮಾಪನ: ದಾಳ ಉರುಳಿಸುವ ಫಂಕ್ಷನ್ನಿಗೆ ಎರಡೂ ಬಗೆಯಲ್ಲಿ ಟೆಸ್ಟ್ ಬರೆಯಿರಿ.

ಹಿನ್ನೋಟ

ಎರಡನೆಯ ದಾರಿಗೆ ನನಗೆ ಉಳಿದದ್ದು ಐದೇ ನಿಮಿಷ. ಆ ಭಾಗ ಅವಸರವಾಯಿತೆಂದು ಮೇಡಂ ಬರೆದರು. ಫೇಲಾದ ಟೆಸ್ಟಿನಿಂದಲೇ ಪಾಠ ಆರಂಭಿಸಬಹುದಿತ್ತು ಎಂದೂ ಸೇರಿಸಿದರು. ನನ್ನ ಯೋಜನೆಯಲ್ಲಿ ಉಪಾಯವಿತ್ತು, ಅದು ಏಕೆ ಬೇಕೆಂಬುದು ಇರಲಿಲ್ಲ. ಮುಂದಿನ ಸಲ ಟೆಸ್ಟ್ ಬೇಕೆಂದೇ ಫೇಲಾಗುವಂತೆ ಮಾಡಿ, ಆ ಹುಡುಗಿಯ ಪ್ರಶ್ನೆಯನ್ನು ಪೀಠಿಕೆಯಲ್ಲಿ ಇಡುತ್ತೇನೆ.