ಆಪರೇಶನ್‌ಗೆ ಮುಂಚೆ ಎದೆ ಎಕ್ಸ್‌ರೇ: ಯಾರಿಗೆ ಬೇಕು?

ನಾವು ಮರ್ಫಿ ಟೌನಿನ ಹೆಂಗಸರು. ಮನೆಗೆಲಸ ಮಾಡುತ್ತೇವೆ. ಬಟ್ಟೆ ಹೊಲಿಯುತ್ತೇವೆ. ಹೂವು ಕಟ್ಟಿ ಮಾರುತ್ತೇವೆ. ಸಂಜೆ ಒಂದು ಕಡೆ ಸೇರಿ ಓದು ಬರಹ ಕಲಿಯುತ್ತೇವೆ.

ಒಂದು ಸಂಜೆ ಹೂವಿನ ಅಕ್ಕ ಆಸ್ಪತ್ರೆಯ ಚೀಟಿ ತಂದರು. ಅವರಿಗೆ ಮುಟ್ಟಿನಲ್ಲಿ ರಕ್ತ ಬಹಳ ಹೋಗುತ್ತಿತ್ತು. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಆಪರೇಶನ್‌ಗೆ ದಿನ ಗೊತ್ತಾಗಿತ್ತು. ಟೀಚರಮ್ಮ ಚೀಟಿ ಓದಿ ಹೇಳಿದರು. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಎದೆ ಎಕ್ಸ್‌ರೇ ಎಂದು ಅದರಲ್ಲಿ ಬರೆದಿತ್ತು.

"ಗಡ್ಡೆ ಇರೋದು ಹೊಟ್ಟೇಲಿ. ಎದೆ ಫೋಟೋ ಯಾಕೆ?" ಎಂದರು ಅಕ್ಕ.

ಒಳ್ಳೆಯ ಪ್ರಶ್ನೆ. ಬನ್ನಿ, ತಿಳಿಯೋಣ.

ಎಕ್ಸ್‌ರೇ ಎಂದರೆ ಏನು?

ಎಕ್ಸ್‌ರೇ ಎಂದರೆ ಕಣ್ಣಿಗೆ ಕಾಣದ ಒಂದು ಕಿರಣ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಅದರಲ್ಲಿ ಕೈಯ ಮೂಳೆ ಕಂಡಿತು. ಬೆರಳಿನ ಉಂಗುರವೂ ಕಂಡಿತು.

ಎದೆ ಎಕ್ಸ್‌ರೇಯಲ್ಲಿ ಶ್ವಾಸಕೋಶ ಮತ್ತು ಹೃದಯದ ನೆರಳು ಕಾಣುತ್ತದೆ. ಆಪರೇಶನ್ ಮಾಡುವಾಗ ನೋವು ತಿಳಿಯದಂತೆ ಅರಿವಳಿಕೆ ಕೊಡುತ್ತಾರೆ. ಆಗ ಉಸಿರಾಟದ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಎದೆ ಚೆನ್ನಾಗಿದೆಯೇ ಎಂದು ಡಾಕ್ಟರಿಗೆ ಮೊದಲೇ ತಿಳಿಯಬೇಕು.

ಹಾಗಾದರೆ ಎಲ್ಲರಿಗೂ ತೆಗೆಯಬೇಕೇ?

ಬೇಡ. ಕೆಮ್ಮು, ದಮ್ಮು ಇಲ್ಲದೆ ಗಟ್ಟಿಮುಟ್ಟಾಗಿ ಇರುವವರಿಗೆ ಇದರಿಂದ ಹೊಸದಾಗಿ ತಿಳಿಯುವುದು ಬಹಳ ಕಡಿಮೆ. ಬ್ರಿಟನ್ ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 1979ರಲ್ಲಿ ಒಂದು ವರದಿ ಬಂತು. ಎಲ್ಲರಿಗೂ ಎಕ್ಸ್‌ರೇ ತೆಗೆಯುವ ಪದ್ಧತಿಯಿಂದ ಲಾಭ ಕಾಣಲಿಲ್ಲ. ದಿನ ಗೊತ್ತು ಮಾಡಿದ ಆಪರೇಶನ್‌ಗೆ ಮುಂಚೆ ವಾಡಿಕೆಯಂತೆ ಎಕ್ಸ್‌ರೇ ತೆಗೆಯಬೇಡಿ ಎಂದು 2016ರಲ್ಲಿ ಅಲ್ಲಿನ ಡಾಕ್ಟರುಗಳಿಗೆ ಸಲಹೆ ಕೊಟ್ಟರು.

ಒಂದು ಎದೆ ಎಕ್ಸ್‌ರೇಯ ಕಿರಣ ಬಹಳ ಸ್ವಲ್ಪ. ಅದಕ್ಕೆ ಹೆದರಬೇಕಿಲ್ಲ. ತೊಂದರೆ ಬೇರೆ ಇದೆ. ದುಡ್ಡು ಖರ್ಚು. ಒಂದು ದಿನದ ಕೂಲಿ ಹೋಗುತ್ತದೆ. ಎಂದೋ ವಾಸಿಯಾದ ರೋಗದ ಕಲೆಯೂ ಕಾಣಬಹುದು. ಆಗ ಮತ್ತೊಂದು ಪರೀಕ್ಷೆ, ಇನ್ನೊಂದು ಸಾಲ. ಬೇಕಾದ ಆಪರೇಶನ್ ಮುಂದಕ್ಕೆ ಹೋಗುತ್ತದೆ.

ಯಾರಿಗೆ ಬೇಕಾಗಬಹುದು?

ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮು ಇರುವವರಿಗೆ.
ಕಫದಲ್ಲಿ ರಕ್ತ ಬಂದವರಿಗೆ.
ಸಂಜೆ ಜ್ವರ ಬರುವವರಿಗೆ, ಮೈ ಇಳಿಯುತ್ತಿರುವವರಿಗೆ.
ಮೆಟ್ಟಿಲು ಹತ್ತಿದರೆ ದಮ್ಮು ಬರುವವರಿಗೆ, ಎದೆ ನೋವು ಇರುವವರಿಗೆ.
ಹೃದಯದ ಕಾಯಿಲೆ ಅಥವಾ ಉಬ್ಬಸ ಇದ್ದು, ಈಚೆಗೆ ಅದು ಹೆಚ್ಚಾದವರಿಗೆ.
ಎದೆಯ ಒಳಗೇ ಆಪರೇಶನ್ ಆಗುವವರಿಗೆ.

ಹಿಂದೆ ಕ್ಷಯ ಬಂದಿತ್ತೇ? ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆಯೇ? ಬೀಡಿ, ಸಿಗರೇಟು ಸೇದುವ ಅಭ್ಯಾಸ ಉಂಟೇ? ಸೌದೆ ಹೊಗೆಯಲ್ಲಿ ಎಷ್ಟು ವರ್ಷ ಅಡುಗೆ ಮಾಡಿದ್ದೀರಿ? ಇದನ್ನೂ ಹೇಳಬೇಕು. ಎಲ್ಲ ಕೇಳಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಡಾಕ್ಟರು ತೀರ್ಮಾನ ಮಾಡುತ್ತಾರೆ.

ಆಮೇಲೆ ಏನಾಯಿತು?

ಹೂವಿನ ಅಕ್ಕ ಮರುದಿನ ಧೈರ್ಯ ಮಾಡಿ ಕೇಳಿದರು. "ಡಾಕ್ಟರಮ್ಮ, ನಂಗೆ ಕೆಮ್ಮಿಲ್ಲ, ದಮ್ಮಿಲ್ಲ. ಎದೆ ಎಕ್ಸ್‌ರೇ ಯಾಕೆ ಬೇಕು?" ಡಾಕ್ಟರಮ್ಮ ಕೋಪ ಮಾಡಲಿಲ್ಲ. ಪರೀಕ್ಷೆ ಮಾಡಿ ನೋಡಿದರು. "ಎಕ್ಸ್‌ರೇ ಬೇಡಮ್ಮ. ಆದ್ರೆ ರಕ್ತ ಪರೀಕ್ಷೆ ಬಿಡಬೇಡಿ. ರಕ್ತ ಬಹಳ ಹೋಗಿದೆ, ಮೈಯಲ್ಲಿ ಎಷ್ಟಿದೆ ನೋಡ್ಬೇಕು" ಎಂದರು.

ಅಕ್ಕ ಇದನ್ನು ಬಂದು ಹೇಳಿದಾಗ ನಾವು ನಕ್ಕೆವು. ಹೊಲಿಗೆ ಅಕ್ಕ ಮಾತ್ರ ನಗಲಿಲ್ಲ. ಅವರಿಗೆ ಪಿತ್ತಕೋಶದಲ್ಲಿ ಕಲ್ಲು. ಅವರ ಆಪರೇಶನ್‌ಗೂ ದಿನ ಗೊತ್ತಾಗಿತ್ತು. ಅವರ ಚೀಟಿಯಲ್ಲಿ ಎಕ್ಸ್‌ರೇ ಬರೆದಿರಲಿಲ್ಲ.

"ನಂಗೆ ಒಂದು ತಿಂಗಳಿಂದ ಕೆಮ್ಮು" ಎಂದರು ಮೆಲ್ಲಗೆ. "ಡಾಕ್ಟ್ರು ಕೇಳಿದ್ರು. ಏನೂ ಇಲ್ಲ ಅಂದ್ಬಿಟ್ಟೆ. ಕ್ಷಯ ಅಂದ್ರೆ ಮನೇಲಿ ಏನಂತಾರೋ, ಬಟ್ಟೆ ಕೊಡೋರು ಕೊಡ್ತಾರೋ ಇಲ್ವೋ ಅಂತ ಭಯ."

ನಾವಿಬ್ಬರು ಅವರ ಜೊತೆ ಹೋದೆವು. ಅವರು ಎಲ್ಲವನ್ನೂ ಹೇಳಿದರು. ಎಕ್ಸ್‌ರೇ ತೆಗೆದರು. ನೆರಳು ಕಂಡಿತು. ನೆರಳು ಕಂಡ ಮಾತ್ರಕ್ಕೆ ಕ್ಷಯ ಎಂದು ಹೇಳಲಾಗದು. ಕಫ ಪರೀಕ್ಷೆಯೂ ಆಗಬೇಕು. ನಮ್ಮ ಬೆಂಗಳೂರಿನಲ್ಲೇ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ದೊಡ್ಡ ಯಂತ್ರ ಇಲ್ಲದ ಹಳ್ಳಿ ಆಸ್ಪತ್ರೆಯಲ್ಲೂ ಕಫ ನೋಡಿ ಕ್ಷಯ ಪತ್ತೆ ಮಾಡಬಹುದು ಎಂದು ಅಲ್ಲಿಯವರು ತೋರಿಸಿಕೊಟ್ಟರು.

ಹೊಲಿಗೆ ಅಕ್ಕನಿಗೆ ಕ್ಷಯ ಇತ್ತು. ಡಾಕ್ಟರು ಆಪರೇಶನ್ ಮುಂದಕ್ಕೆ ಹಾಕಿದರು. ಆರು ತಿಂಗಳ ಔಷಧಿ ಶುರು ಮಾಡಿದರು. ಸರಕಾರಿ ಆಸ್ಪತ್ರೆಯಲ್ಲಿ ಈ ಔಷಧಿ ಪುಕ್ಕಟೆ. ಮನೆಯವರಿಗೂ ಪರೀಕ್ಷೆ ಆಯಿತು. ಈಗ ನಾಲ್ಕನೇ ತಿಂಗಳು. ಕೆಮ್ಮು ನಿಂತಿದೆ. ಅವರ ಹೊಲಿಗೆ ಯಂತ್ರದ ಸದ್ದು ಬೀದಿಗೆ ಕೇಳುತ್ತದೆ.

ಒಬ್ಬರಿಗೆ ಬೇಡದ ಎಕ್ಸ್‌ರೇ ಬರೆದಿದ್ದರು. ಇನ್ನೊಬ್ಬರಿಗೆ ಬೇಕಾದ ಎಕ್ಸ್‌ರೇ ಬರೆದಿರಲಿಲ್ಲ. ಇಬ್ಬರಿಗೂ ದಾರಿ ತೋರಿಸಿದ್ದು ಬಾಯಿಬಿಟ್ಟು ಆಡಿದ ಮಾತು.

ನೆನಪಿಡೋಣ

ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬಾರದು.
"ಈ ಪರೀಕ್ಷೆ ನನಗೆ ಯಾಕೆ?" ಎಂದು ಕೇಳುವುದು ತಪ್ಪಲ್ಲ.
ಕೇಳಿದ ಮೇಲೂ ಬೇಕು ಎಂದರೆ ಮಾಡಿಸಬೇಕು.
ಹಳೆಯ ಎಕ್ಸ್‌ರೇ ಎಸೆಯಬಾರದು. ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಕು.
ಬಸುರಿ ಆಗಿರಬಹುದು ಎಂಬ ಅನುಮಾನ ಇದ್ದರೆ ಎಕ್ಸ್‌ರೇಗೆ ಮುಂಚೆಯೇ ಹೇಳಬೇಕು.

ಯೋಚಿಸಿ ಹೇಳಿ

1. ಹೂವಿನ ಅಕ್ಕನಿಗೆ ಎದೆ ಎಕ್ಸ್‌ರೇ ಯಾಕೆ ಬೇಕಾಗಲಿಲ್ಲ?
2. ಹೊಲಿಗೆ ಅಕ್ಕ ಕೆಮ್ಮನ್ನು ಯಾಕೆ ಮುಚ್ಚಿಟ್ಟರು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬರೆಯಿರಿ

ಕೆಮ್ಮು, ಕಫ, ಉಸಿರು, ನೆರಳು, ಧೈರ್ಯ.